ಉಳಿದುಹೋದ ಮೂರು ನಿಮಿಷ

ಜನವರಿಯ ಆ ಭಾನುವಾರದಿಂದ ಒಂದು ಸಂಖ್ಯೆ ನನ್ನ ತಲೆಯಿಂದ ಹೋಗುತ್ತಿಲ್ಲ. 3 ನಿಮಿಷ 4 ಸೆಕೆಂಡು. ಮುಂಬೈಯ ಮುಲುಂಡಿನ ಒಂದು ಶಾಲೆಯ ಸಭಾಂಗಣದಲ್ಲಿ ಹೆಂಗಸರ ಬ್ಲಿಟ್ಜ್ ಚೆಸ್ ಸ್ಪರ್ಧೆ ಇತ್ತು. ಒಬ್ಬೊಬ್ಬರಿಗೆ 3 ನಿಮಿಷ, ಆಡಿದ ಪ್ರತಿ ನಡೆಗೆ 2 ಸೆಕೆಂಡು ಸೇರಿಕೆ. ಆರನೇ ಸುತ್ತಿನಲ್ಲಿ ನನಗೆ ಕಪ್ಪು ಕಾಯಿ ಬಂದಿತ್ತು. ಮೊದಲ ನಾಲ್ಕು ನಡೆಗಳನ್ನು ಒಂದೊಂದು ಸೆಕೆಂಡಿನಲ್ಲಿ ಆಡಿ ಮುಗಿಸಿದೆ. ಗಡಿಯಾರದ ಕಡೆ ಕಣ್ಣು ಹಾಯಿಸಿದರೆ, ಆಟ ಶುರುವಾದಾಗ ಇದ್ದದ್ದಕ್ಕಿಂತ ಜಾಸ್ತಿ ಸಮಯ ನನ್ನ ಹತ್ತಿರ ಇತ್ತು. ಒಳಗೊಳಗೇ ಖುಷಿಯಾಯಿತು. ಆದರೆ ಆ ನಾಲ್ಕನೇ ನಡೆಯಲ್ಲೇ ಆಟ ಕೈಬಿಟ್ಟು ಹೋಗಿತ್ತು. ಅದು ಗೊತ್ತಾಗಲು ನನಗೆ ಇನ್ನೂ ಅರ್ಧ ನಿಮಿಷ ಬೇಕಾಯಿತು.

ಸೋಲು ನನಗೆ ಹೊಸದೇನಲ್ಲ. ಮೂವತ್ತೆಂಟನೇ ವಯಸ್ಸಿಗೆ ಕಲಿಯಲು ಕೂತವಳು ನಾನು. ಆರು ವರ್ಷದಲ್ಲಿ ಎಷ್ಟು ಸಲ ಸೋತಿದ್ದೇನೋ ಲೆಕ್ಕ ಇಟ್ಟಿಲ್ಲ. ಬ್ಲಿಟ್ಜ್‌ನಲ್ಲಿ ಹೆಚ್ಚಿನ ಸೋಲು ಸಮಯ ಸಾಲದೆ ಬರುತ್ತದೆ. ಕೈ ನಡುಗುತ್ತದೆ, ಕಾಯಿ ಉರುಳುತ್ತದೆ, ಗಡಿಯಾರ ಸೊನ್ನೆಗೆ ಬಂದು ನಿಲ್ಲುತ್ತದೆ. ಅಂಥ ಸೋಲನ್ನು ಮನಸ್ಸು ಹೇಗೋ ಒಪ್ಪಿಕೊಳ್ಳುತ್ತದೆ. ಇನ್ನೊಂದು ನಿಮಿಷ ಇದ್ದಿದ್ದರೆ ಅಂತ ಹೇಳಿಕೊಂಡು ಚಹಾ ಕುಡಿದು ಮುಂದಿನ ಸುತ್ತಿಗೆ ಹೋಗಬಹುದು. ಇಲ್ಲಿ ಹಾಗೆ ಹೇಳಿಕೊಳ್ಳಲು ಏನೂ ಇರಲಿಲ್ಲ. ಸಮಯ ಪೂರ್ತಿ ಇತ್ತು. ನಾನು ಅದನ್ನು ಮುಟ್ಟಿಯೇ ಇರಲಿಲ್ಲ.

ನನ್ನ ಎದುರಿಗೆ ಕೂತಿದ್ದವಳು ಹನ್ನೊಂದು ವರ್ಷದ ಹುಡುಗಿ ಇರಬೇಕು. ಎರಡು ಜಡೆ, ನೀಲಿ ಸ್ವೆಟರ್. ಮುಂಬೈಯ ಜನವರಿಗೆ ಸ್ವೆಟರ್ ಬೇಕಿರಲಿಲ್ಲ, ಆದರೂ ಯಾರೋ ಮನೆಯಲ್ಲಿ ಕಾಳಜಿಯಿಂದ ಹಾಕಿ ಕಳಿಸಿದ್ದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಾನು ನಾಲ್ಕನೇ ನಡೆ ಆಡಿ ಗಡಿಯಾರ ಒತ್ತಿದ ಕೂಡಲೇ ಅವಳು ಒಂದು ಕೆಲಸ ಮಾಡಿದಳು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು. ಚೆಸ್ ಕಲಿಸುವವರು ಮಕ್ಕಳಿಗೆ ಹೇಳುವ ಹಳೆಯ ಮಾತದು, ಕೈಯ ಮೇಲೆ ಕೂತುಕೋ ಅಂತ. ಕಾಯಿ ಮುಟ್ಟಿದರೆ ಅದನ್ನೇ ಆಡಬೇಕು. ಅದಕ್ಕೆ ಕಣ್ಣು ಕೆಲಸ ಮುಗಿಸುವವರೆಗೆ ಕೈಗೆ ಬಿಡುವು. ಹಾಗೆ ಕೂತು ಅವಳು ಬೋರ್ಡು ನೋಡಿದಳು. ಹತ್ತು ಸೆಕೆಂಡು ಆಯಿತು, ಇಪ್ಪತ್ತು ಆಯಿತು. ಇಷ್ಟು ಸಣ್ಣ ಆಟದಲ್ಲಿ ಇಪ್ಪತ್ತು ಸೆಕೆಂಡು ಅಂದರೆ ದೊಡ್ಡ ಖರ್ಚು. ಪಾಪ, ಮಗು ಗಾಬರಿಯಾಗಿದೆ ಅಂದುಕೊಂಡೆ. ಆಮೇಲೆ ಅವಳು ಒಂದು ಕೈ ಹೊರಗೆ ತೆಗೆದು ಒಂದು ಕಾಲಾಳನ್ನು ಮುಂದೆ ತಳ್ಳಿದಳು. ಅದೇ ಕೈಯಿಂದ ಗಡಿಯಾರ ಒತ್ತಿದಳು. ಕೈ ಮತ್ತೆ ತೊಡೆಯ ಕೆಳಗೆ ಹೋಯಿತು.

ನನ್ನ ಒಂಟೆಗೆ ಹೋಗಲು ಜಾಗ ಇರಲಿಲ್ಲ.

ಬಾಗಿಲು ಹಾಕುವ ನಡೆ

ನಾನು ಆಡುವುದು ಕಾರೋ-ಕಾನ್ ಅನ್ನುವ ಓಪನಿಂಗ್, ಅಂದರೆ ಆಟ ಶುರುಮಾಡುವ ಒಂದು ಗೊತ್ತಾದ ಕ್ರಮ. ಬಿಳಿಯವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರೆ, ನಾನು ನನ್ನ ಒಂಟೆಯ ಮುಂದಿನ ಕಾಲಾಳನ್ನು ಒಂದೇ ಮನೆ ನಡೆಸುತ್ತೇನೆ. ಹೊರೇಶಿಯೋ ಕಾರೋ ಮತ್ತು ಮಾರ್ಕಸ್ ಕಾನ್ ಅನ್ನುವ ಇಬ್ಬರು 1886ರಲ್ಲಿ ಇದನ್ನು ವಿವರವಾಗಿ ಬರೆದರು, ಹಾಗಾಗಿ ಆ ಹೆಸರು. ವಿಶ್ವ ಚಾಂಪಿಯನ್ನರಾಗಿದ್ದ ಬೊಟ್ವಿನ್ನಿಕ್, ಕಾರ್ಪೋವ್ ಇಬ್ಬರೂ ಇದನ್ನು ನಂಬಿದ್ದರು. ಗಟ್ಟಿ ಓಪನಿಂಗ್. ಬೆಂಕಿ ಇಲ್ಲ, ಹೊಗೆ ಇಲ್ಲ. ಮಗಳನ್ನು ಡೊಂಬಿವಲಿಯಲ್ಲಿ ಚೆಸ್ ಕ್ಲಾಸಿಗೆ ಕರೆದುಕೊಂಡು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕಾಯುತ್ತಿದ್ದ ದಿನಗಳಲ್ಲಿ, ಕಲಿಸುವವರು ಒಂದು ದಿನ ನೀವೂ ಒಳಗೆ ಬನ್ನಿ, ಸುಮ್ನೆ ಯಾಕೆ ಕೂತಿರುತ್ತೀರಿ ಅಂದರು. ಮಗಳು ಎರಡು ವರ್ಷಕ್ಕೆ ಬಿಟ್ಟಳು. ನಾನು ಬಿಡಲಿಲ್ಲ. ಅವರು ನನಗೆ ಮೊದಲು ಕಲಿಸಿದ ಓಪನಿಂಗ್ ಇದು.

ಇದು ನನಗೆ ಇಷ್ಟವಾದದ್ದಕ್ಕೆ ಒಂದು ಕಾರಣ ಇದೆ. ಫ್ರೆಂಚ್ ಡಿಫೆನ್ಸ್ ಅಂತ ಇದರ ನೆರೆಮನೆಯ ಓಪನಿಂಗ್ ಒಂದಿದೆ. ಅದರಲ್ಲಿ ರಾಜನ ಮುಂದಿನ ಕಾಲಾಳು ಮೊದಲೇ ಒಂದು ಮನೆ ಮುಂದೆ ಬಂದು ನಿಂತುಬಿಡುತ್ತದೆ. ಮಂತ್ರಿಯ ಪಕ್ಕದ ಒಂಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಎಷ್ಟೋ ಆಟಗಳಲ್ಲಿ ಆ ಒಂಟೆ ಕೊನೆಯವರೆಗೂ ಮನೆಯಿಂದ ಹೊರಗೇ ಬರುವುದಿಲ್ಲ. ಕಾರೋ-ಕಾನ್‌ನಲ್ಲಿ ಹಾಗಲ್ಲ. ಬೋರ್ಡಿನ ಪ್ರತಿ ಮನೆಗೂ ಒಂದು ಅಕ್ಷರ, ಒಂದು ಅಂಕೆ ಸೇರಿದ ಹೆಸರಿದೆ. ಬಿಳಿಯವರು ಕಾಲಾಳನ್ನು ಇ5ಕ್ಕೆ ತಳ್ಳಿದರೆ ನಮ್ಮ ಒಂಟೆ ಮೊದಲು ಎಫ್5ಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಇ6 ಆಡಿ, ಅಂದರೆ ರಾಜನ ಮುಂದಿನ ಕಾಲಾಳನ್ನು ಒಂದು ಮನೆ ನಡೆಸಿ, ಬಾಗಿಲು ಹಾಕುತ್ತೇವೆ. ಮೊದಲು ಹೊರಗೆ ಬಾ, ಆಮೇಲೆ ಬಾಗಿಲು ಹಾಕು. ಇಷ್ಟು ಚೆಂದದ ಏರ್ಪಾಡು ಇನ್ನೊಂದಿಲ್ಲ ಅನ್ನಿಸಿತ್ತು ನನಗೆ. ಈಗಲೂ ಅನ್ನಿಸುತ್ತದೆ.

ಹುಡುಗಿ ನಾಲ್ಕನೇ ನಡೆಯಲ್ಲಿ ಅಂಚಿನ ಕಾಲಾಳನ್ನು ಎಚ್4ಕ್ಕೆ ತಂದಿದ್ದಳು. ನನ್ನ ಎದುರಾಳಿಗಳಲ್ಲಿ ಹತ್ತರಲ್ಲಿ ಎಂಟು ಜನ ಅಲ್ಲಿ ಕುದುರೆ ಹೊರಗೆ ತರುತ್ತಾರೆ. ಅದಕ್ಕೆ ಇ6 ಉತ್ತರ. ಸರಿಯಾದ ಉತ್ತರ. ನೂರಾರು ಸಲ ಆಡಿದ ಉತ್ತರ. ನನ್ನ ಕೈ ಅದನ್ನೇ ಆಡಿತು. ಎಚ್4 ಕಂಡಿರಲಿಲ್ಲ ಅಂತಲ್ಲ. ಕಂಡಿತ್ತು. ಏನೋ ಅಂಚಿನಲ್ಲಿ ಆಡಿದ್ದಾಳೆ, ಇರಲಿ ಅಂದುಕೊಂಡಿದ್ದೆ. ಆದರೆ ಆ ನಡೆಯ ಅರ್ಥವೇ ಬೇರೆ. ಬಾಗಿಲು ಹಾಕಿದ ಮೇಲೆ ಒಂಟೆಗೆ ವಾಪಸ್ ದಾರಿ ಇಲ್ಲ. ಬಿಳಿ ಕಾಲಾಳು ಜಿ4ಕ್ಕೆ ಬಂದು ಒಂಟೆಯನ್ನು ಅಟ್ಟುತ್ತದೆ. ಒಂಟೆ ಇ4ಕ್ಕೆ ಹಾರಿ ಮೂಲೆಯ ಆನೆಯ ಮೇಲೆ ಕಣ್ಣಿಡುತ್ತದೆ. ಒಂದು ಕ್ಷಣ ಬದುಕಿತು ಅನ್ನಿಸುತ್ತದೆ. ಎಫ್3ಕ್ಕೆ ಇನ್ನೊಂದು ಕಾಲಾಳು ಬಂದು ಆ ದಾರಿಯನ್ನೂ ಮುಚ್ಚಿ, ಒಂಟೆಯನ್ನೂ ಅಟ್ಟುತ್ತದೆ. ಜಿ6ಕ್ಕೆ ಹಿಂದೆ ಸರಿದರೆ ಆ ಅಂಚಿನ ಕಾಲಾಳು ಇನ್ನೊಂದು ಹೆಜ್ಜೆ ಹಾಕಿ ಎಚ್5ಕ್ಕೆ ಬರುತ್ತದೆ. ಮುಗಿಯಿತು. ಸುತ್ತಲೂ ಕಾಲಾಳುಗಳೇ. ನನ್ನ ಒಂಟೆ ಸಾಯುವ ಮುಂಚೆ ಮಂತ್ರಿಯ ಪಕ್ಕದ ಒಂದು ಕಾಲಾಳನ್ನು ತಿಂದು ಸತ್ತಿತು. ಅಷ್ಟೇ ಸಿಕ್ಕಿದ್ದು.

ಇದು ಹಳೆಯ ಬಲೆ. ಚೆಸ್ ಪಾಠದ ಯಾವ ಪುಸ್ತಕ ತೆರೆದರೂ ಸಿಗಬಹುದು. ನನಗೆ ಗೊತ್ತಿತ್ತು ಕೂಡ. ಎಚ್4 ಬಂದರೆ ನಮ್ಮ ಅಂಚಿನ ಕಾಲಾಳನ್ನೂ ನಡೆಸಬೇಕು. ಎಚ್5 ಆಡಿ ಎದುರಿನ ಕಾಲಾಳನ್ನು ತಡೆಯಬಹುದು. ಇಲ್ಲವೇ ಎಚ್6 ಆಡಿ ಒಂಟೆಗೆ ಹಿಂದೆ ಒಂದು ಮನೆ ಖಾಲಿ ಮಾಡಿಕೊಡಬಹುದು. ನೋಟ್‌ಬುಕ್ಕಿನಲ್ಲಿ ನನ್ನದೇ ಕೈಬರಹದಲ್ಲಿ ಅದು ಇದೆ. ಮನೆಗೆ ಹೋಗಿ ತೆಗೆದು ನೋಡಿದೆ. ಕೆಂಪು ಪೆನ್ನಿನಲ್ಲಿ ಅಡಿಗೆರೆ ಬೇರೆ ಹಾಕಿದ್ದೇನೆ.

ಇಪ್ಪತ್ತನೇ ನಡೆಯ ಹೊತ್ತಿಗೆ ನಾನು ಕೈ ಚಾಚಿ ಸೋಲೊಪ್ಪಿಕೊಂಡೆ. ಆಗ ನನ್ನ ಗಡಿಯಾರದಲ್ಲಿ ಎರಡೂವರೆ ನಿಮಿಷ ಇತ್ತು. ಅವಳದ್ದರಲ್ಲಿ ಒಂದು ನಿಮಿಷಕ್ಕೂ ಕಡಿಮೆ. ಕಾಯಿ ಜೋಡಿಸುತ್ತಾ ಅವಳು ಮರಾಠಿಯಲ್ಲಿ ಕೇಳಿದಳು. "ಕಾಕೂ, ತುಮ್ಹಿ ಇತಕ್ಯಾ ಪಟಕನ್ ಕಾ ಖೇಳಲಾತ್?" ಇಷ್ಟು ಬೇಗ ಬೇಗ ಯಾಕೆ ಆಡಿದಿರಿ ಅಂತ. ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿ ತಿಳಿಯಬೇಕು ಅಂತ ಕೇಳಿದ್ದಳು. ಉತ್ತರ ಕೊಡಲು ನನಗೆ ಆಗಲಿಲ್ಲ.

ಒಲೆಯ ಮೇಲೆ ಹಾಲು

ಮುಲುಂಡಿನಿಂದ ಡೊಂಬಿವಲಿಗೆ ಸ್ಲೋ ಲೋಕಲ್‌ನಲ್ಲಿ ಬರುವಾಗ ಆ ಪ್ರಶ್ನೆ ಜೊತೆಗೇ ಬಂತು. ಠಾಣೆ, ಕಳವಾ, ಮುಂಬ್ರಾ, ದಿವಾ. ಭಾನುವಾರ ಸಂಜೆ, ಕಿಟಕಿ ಪಕ್ಕ ಜಾಗ ಸಿಕ್ಕಿತ್ತು. ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದರು. ಲೇಡೀಸ್ ಡಬ್ಬಿಯಲ್ಲಿ ದಿನಾ ಕಾಣುವ ದೃಶ್ಯ. ನಾನೂ ಮೆಂತ್ಯ ಸೊಪ್ಪು ಬಿಡಿಸಿದ್ದೇನೆ, ಅವರೆಕಾಳು ಸುಲಿದಿದ್ದೇನೆ. ಮನೆಗೆ ಹೋದ ಮೇಲೆ ಹತ್ತು ನಿಮಿಷ ಉಳಿಯುತ್ತದೆ ಅಲ್ವಾ? ಆ ಹತ್ತು ನಿಮಿಷದಲ್ಲಿ ನಾನು ಏನು ಮಾಡುತ್ತೇನೆ ಅಂತ ಆ ಸಂಜೆ ಮೊದಲ ಸಲ ಕೇಳಿಕೊಂಡೆ. ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನೂ ಬೇಗ ಮುಗಿಸುತ್ತೇನೆ. ಉಳಿಸಿದ ಸಮಯ ಯಾವತ್ತೂ ನನ್ನ ಕೈಗೆ ಬಂದು ಕೂತದ್ದೇ ಇಲ್ಲ. ಅದನ್ನು ಖರ್ಚು ಮಾಡುವುದು ಹೇಗೆ ಅಂತ ಕಲಿತೂ ಇಲ್ಲ.

ಆಮೇಲೆ ದೊಡ್ಡಮ್ಮ ನೆನಪಾದಳು.

ನಾನು ಚೆಸ್ ಕಲಿತದ್ದು ಮೂವತ್ತೆಂಟಕ್ಕೆ ಅಂದೆ. ನೋಡಿದ್ದು ಮಾತ್ರ ಅದಕ್ಕೂ ಎಷ್ಟೋ ಮುಂಚೆ. ಧಾರವಾಡದ ನಮ್ಮ ಅಜ್ಜನ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಊಟ ಆದ ಮೇಲೆ ಬೋರ್ಡು ಬೀಳುತ್ತಿತ್ತು. ಅಜ್ಜ ಆಡುತ್ತಿದ್ದದ್ದು ನಮ್ಮ ದೇಸಿ ಚದುರಂಗ. ಕಾಲಾಳು ಮೊದಲ ನಡೆಗೂ ಒಂದೇ ಮನೆ. ರಾಜ ಕೋಟೆ ಕಟ್ಟುವುದಿಲ್ಲ. ಬದಲಿಗೆ ಅದುವರೆಗೆ ಶಾ, ಅಂದರೆ ಚೆಕ್, ಬಿದ್ದಿರದಿದ್ದರೆ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ನಿಧಾನದ ಆಟ. ಸೇನೆಗಳು ಒಂದನ್ನೊಂದು ಮುಟ್ಟುವುದಕ್ಕೇ ಅರ್ಧ ಗಂಟೆ ಬೇಕು. ಅಜ್ಜನ ಗೆಳೆಯರು ಬರದ ದಿನ ಎದುರಿಗೆ ಕೂರುತ್ತಿದ್ದವಳು ದೊಡ್ಡಮ್ಮ. ಕೂರುತ್ತಿದ್ದಳು ಅನ್ನುವುದೂ ಸರಿಯಲ್ಲ. ಅವಳು ಕೂತದ್ದು ನನಗೆ ನೆನಪಿಲ್ಲ.

ನೆನಪಿರುವುದು ಹೀಗೆ. ಅಜ್ಜ ಗೋಡೆಗೆ ಒರಗಿ ಕೂತಿದ್ದಾನೆ. ಅಡಕೆಲೆ ತಟ್ಟೆ ಪಕ್ಕದಲ್ಲಿದೆ. ಬೋರ್ಡು ನೋಡುತ್ತಾನೆ, ಅಡಕೆ ಕತ್ತರಿಸುತ್ತಾನೆ, ಮತ್ತೆ ನೋಡುತ್ತಾನೆ. ಕಾಲು ಗಂಟೆ ಆಗುತ್ತದೆ. ಯಾರಾದರೂ ಮಾತಾಡಿಸಿದರೆ "ತಾಳು, ತಾಳು" ಅಂತ ಕೈ ಎತ್ತುತ್ತಾನೆ. ಇಡೀ ಮನೆ ತಾಳುತ್ತದೆ. ಮಕ್ಕಳು ಗದ್ದಲ ಮಾಡಬಾರದು, ಅಜ್ಜ ವಿಚಾರ ಮಾಡಲಿಕ್ಕೆ ಹತ್ತಿದ್ದಾನೆ. ಕೊನೆಗೆ ಒಂದು ಕಾಯಿ ಎತ್ತಿಡುತ್ತಾನೆ. "ಏ, ನಿನ್ನ ಆಟ" ಅಂತ ಒಳಗೆ ಕೂಗುತ್ತಾನೆ. ದೊಡ್ಡಮ್ಮ ಅಡುಗೆಮನೆಯಿಂದ ಬರುತ್ತಾಳೆ. ಒದ್ದೆ ಕೈ ಸೆರಗಿಗೆ ಒರೆಸುತ್ತಾ, ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು, ಬಗ್ಗಿ ಬೋರ್ಡು ನೋಡುತ್ತಾಳೆ. ಎರಡು ಉಸಿರು. ಕಾಯಿ ಎತ್ತಿಟ್ಟು, "ಹಾಲು ಇಟ್ಟು ಬಂದೀನಿ" ಅಂತ ಒಳಗೆ ಹೋಗಿಬಿಡುತ್ತಾಳೆ. ಅಜ್ಜ ಮತ್ತೆ ಅಡಕೆ ಕತ್ತರಿಸುತ್ತಾನೆ.

ಅವಳು ಗೆಲ್ಲುತ್ತಿದ್ದಳು. ಪ್ರತಿ ಸಲ ಅಲ್ಲ, ಆದರೆ ಗೆಲ್ಲುತ್ತಿದ್ದಳು. ಸೋತ ದಿನ ಅಜ್ಜ ಹೇಳುತ್ತಿದ್ದ, "ಆಕಿದು ಬಾಳ ಗಡಿಬಿಡಿ. ವಿಚಾರ ಮಾಡಿ ಆಡಂಗಿಲ್ಲ." ಮನೆಯವರೆಲ್ಲ ಅದನ್ನೇ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ. ಅಜ್ಜನದು ಆಳವಾದ ಆಟ, ದೊಡ್ಡಮ್ಮನದು ಗಡಿಬಿಡಿ ಆಟ. ನಲವತ್ತನಾಲ್ಕು ವರ್ಷಕ್ಕೆ ದಿವಾ ಸ್ಟೇಷನ್ನಿನಲ್ಲಿ ಕೂತು ನನಗೆ ಹೊಳೆದದ್ದು ಇದು. ಅವಳಿಗೆ ಇದ್ದದ್ದು ಒಲೆಯ ಮೇಲಿನ ಹಾಲು ಉಕ್ಕುವವರೆಗಿನ ಸಮಯ. ಅವಳ ಗಡಿಯಾರ ಅದು. ಅಜ್ಜನಿಗೆ ಗಡಿಯಾರವೇ ಇರಲಿಲ್ಲ. ಒಂದೇ ಬೋರ್ಡಿನ ಮೇಲೆ ಒಬ್ಬರು ಬ್ಲಿಟ್ಜ್ ಆಡುತ್ತಿದ್ದರು, ಇನ್ನೊಬ್ಬರು ಆಡುತ್ತಿರಲಿಲ್ಲ. ಆಟ ಮುಗಿದ ಮೇಲೆ ಅದನ್ನು ಅವರವರ ಸ್ವಭಾವ ಅಂತ ಕರೆದೆವು.

ಹಾಗಾದರೆ ನನ್ನ ಕೈ ಯಾರ ಕೈ? ಮುಲುಂಡಿನ ಸಭಾಂಗಣದಲ್ಲಿ ಯಾವ ಒಲೆಯೂ ಉರಿಯುತ್ತಿರಲಿಲ್ಲ. ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಮೊಬೈಲ್ ಹೊರಗೆ ಚೀಲದಲ್ಲಿ ಸ್ವಿಚ್ ಆಫ್ ಆಗಿತ್ತು. ಮೂರು ನಿಮಿಷ ಪೂರ್ತಿ ನನ್ನದಾಗಿತ್ತು. ನಿಯಮದ ಪುಸ್ತಕವೇ ಅದನ್ನು ನನಗೆ ಕೊಟ್ಟಿತ್ತು. ನಾನು ಅದನ್ನು ನಿಂತುಕೊಂಡು ಆಡುವವಳ ಹಾಗೆ ಆಡಿದೆ.

ತಾಳ್

ಆ ನಾಲ್ಕನೇ ನಡೆಗೆ, ಎಚ್4ಕ್ಕೆ, ಒಂದು ಹೆಸರಿದೆ. ತಾಳ್ ವೇರಿಯೇಷನ್. 1961ರಲ್ಲಿ ಬೊಟ್ವಿನ್ನಿಕ್ ಜೊತೆ ವಿಶ್ವ ಚಾಂಪಿಯನ್ ಪಟ್ಟಕ್ಕೆ ಮರುಪಂದ್ಯ ಆಡುವಾಗ ಮಿಖಾಯಿಲ್ ತಾಳ್ ಇದನ್ನು ಬಳಸಿದ್ದ. ತಾಳ್ ಅಂದರೆ ಬಿರುಗಾಳಿ. ಬಲಿ ಕೊಟ್ಟು, ಬೆಂಕಿ ಹಚ್ಚಿ ಆಡುವವನು. ಅವನ ಹೆಸರು ಕನ್ನಡ ಕಿವಿಗೆ ಬೇರೆಯೇ ಆಗಿ ಕೇಳುತ್ತದೆ. ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆಯ ಮೇಲೆ 'ತಾಳ್' ಅಂತ ಬರೆದದ್ದನ್ನು ಆ ರಾತ್ರಿ ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ.

ತಾಳು ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಮುಖ ಇವೆ. ಅಜ್ಜ ಕೈ ಎತ್ತಿ "ತಾಳು" ಅಂದರೆ, ನನಗೆ ಸಮಯ ಕೊಡಿ, ನಾನು ಯೋಚಿಸುತ್ತಿದ್ದೇನೆ ಅಂತ ಅರ್ಥ. ದೊಡ್ಡಮ್ಮನಿಗೂ ಜನ ತಾಳು ಅಂತ ಹೇಳಿದ್ದುಂಟು. ಅತ್ತೆ ಏನೋ ಅಂದಾಗ, ಗಂಡ ತೀರಿಕೊಂಡು ಅವಳು ತವರಿಗೆ ವಾಪಸ್ ಬಂದಾಗ. "ತಾಳಿಕೋ ಅವ್ವಾ" ಅಂತ. ಅಲ್ಲಿ ಅದಕ್ಕೆ ಸಹಿಸು ಅಂತ ಅರ್ಥ. ತಾಳ್ಮೆಯವಳು ಅಂತ ಅವಳನ್ನು ಹೊಗಳುತ್ತಿದ್ದರು. ಹೊರೆ ಹೊರುವ ತಾಳ್ಮೆ ಅವಳಿಗೆ ಧಾರಾಳವಾಗಿ ಕಲಿಸಿದರು. ಕೈಯ ಮೇಲೆ ಕೂತು ಬೋರ್ಡು ನೋಡುವ ತಾಳ್ಮೆಗೆ ಮಾತ್ರ ಅವಳಿಗೆ ಜಾಗ ಕೊಡಲಿಲ್ಲ. ಈ ಎರಡಕ್ಕೂ ಒಂದೇ ಪದ ಇರುವುದು ನನಗೆ ಈಗ ಸಂಕಟ ಮಾಡುತ್ತದೆ.

ಇದನ್ನು ಒಬ್ಬ ಗೆಳತಿಗೆ ಹೇಳಿದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆವು, ಶುರುವಾಗಲು ಇನ್ನೂ ಹೊತ್ತಿತ್ತು. ಅವಳು ಉಡುಪಿ ಕಡೆಯವಳು, ಮೂವತ್ತು ವರ್ಷದಿಂದ ಮುಂಬೈಯಲ್ಲಿದ್ದಾಳೆ, ಗಂಡನದು ಹೋಟೆಲು. ಅವಳಿಗೆ ಚೆಸ್ ಗೊತ್ತಿಲ್ಲ. ಒಂಟೆ, ಕಾಲಾಳು ಅಂತ ನಾನು ಹೇಳಿದ್ದೆಲ್ಲ ಸುಮ್ಮನೆ ಕೇಳಿದಳು. ಆಮೇಲೆ ಹೇಳಿದಳು, "ನಾನು ಈಗಲೂ ನಿಂತೇ ಊಟ ಮಾಡುವುದು ಮಾರಾಯ್ತಿ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ನಿಂತೇ." ಇನ್ನೇನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಗಂಟೆ ಹೊಡೆಯಿತು, ಒಳಗೆ ಹೋದೆವು.

ಈ ಊರಿನಲ್ಲೇ, ಗಿರಗಾಂವಿನಲ್ಲಿ, ಖಾಡಿಲ್ಕರ್ ಅಂತ ಮೂವರು ಅಕ್ಕತಂಗಿಯರು ಬೆಳೆದರು. ವಾಸಂತಿ, ಜಯಶ್ರೀ, ರೋಹಿಣಿ. ಭಾರತದ ಮೊದಲ ಮಹಿಳಾ ರಾಷ್ಟ್ರೀಯ ಚೆಸ್ ಚಾಂಪಿಯನ್‌ಶಿಪ್ 1974ರಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದಾಗ ಗೆದ್ದವರು ವಾಸಂತಿ. ರೋಹಿಣಿ ಐದು ಸಲ ಆ ಪಟ್ಟ ಗೆದ್ದರು. 1976ರಲ್ಲಿ, ಹದಿಮೂರನೇ ವಯಸ್ಸಿಗೆ, ಗಂಡಸರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡಲು ಹೋದರು. ದೊಡ್ಡ ರಗಳೆಯಾಯಿತು. ವಿಷಯ ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ ವಿಶ್ವ ಚೆಸ್ ಸಂಸ್ಥೆ ಫಿಡೆಯ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವೆ, ಹೆಂಗಸರನ್ನು ಇಂಥ ಸ್ಪರ್ಧೆಗಳಿಂದ ಹೊರಗಿಡುವಂತಿಲ್ಲ ಅಂತ ತೀರ್ಮಾನ ಕೊಟ್ಟರು. ನಾನು ಈ ಕಥೆಯನ್ನು ಎಷ್ಟೋ ಸಲ ಹಕ್ಕಿನ ಕಥೆಯಾಗಿ ಕೇಳಿದ್ದೆ. ಈಗ ಇನ್ನೊಂದು ರೀತಿಯಲ್ಲಿ ಕಾಣುತ್ತಿದೆ. 1976ರಲ್ಲಿ ಹದಿಮೂರರ ಹುಡುಗಿಯೊಬ್ಬಳು ಗಂಟೆಗಟ್ಟಲೆ ಬೋರ್ಡಿನ ಮುಂದೆ ಕೂತು ಯೋಚಿಸುತ್ತಿದ್ದಳು. ಅದೇ ಹೊತ್ತಿನಲ್ಲಿ ಧಾರವಾಡದಲ್ಲಿ ದೊಡ್ಡಮ್ಮ ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದಳು. ಮೂವರು ಚೆಸ್ ಆಟಗಾರ್ತಿಯರು ಒಂದೇ ಮನೆಯಿಂದ ಬಂದದ್ದು ಆಕಸ್ಮಿಕ ಇರಲಿಕ್ಕಿಲ್ಲ. ಆ ಮನೆಯಲ್ಲಿ ಹುಡುಗಿಯರು ಯೋಚಿಸುವಾಗ ಯಾರೋ ಹಾಲು ನೋಡಿಕೊಳ್ಳುತ್ತಿದ್ದಿರಬೇಕು ಅಂತ ನನ್ನ ಊಹೆ.

ದೊಡ್ಡ ಆಟಗಾರ್ತಿಯರನ್ನು ನೋಡಿದಾಗಲೂ ನನಗೆ ಈಗ ಮೊದಲು ಕಾಣುವುದು ಅವರು ಸಮಯ ಖರ್ಚು ಮಾಡುವ ರೀತಿ. 2025ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಮಹಿಳಾ ಗ್ರ್ಯಾಂಡ್ ಪ್ರಿ ನಡೆದಾಗ ಆಫೀಸಿನಿಂದ ಬರುತ್ತಾ ಲೋಕಲ್‌ನಲ್ಲಿ ಮೊಬೈಲಿನಲ್ಲಿ ಆಟ ನೋಡುತ್ತಿದ್ದೆ. ಕೊನೇರು ಹಂಪಿ, ಹಾರಿಕಾ, ವೈಶಾಲಿ, ದಿವ್ಯಾ ಎಲ್ಲರೂ ಇದ್ದರು. ಅದು ಕ್ಲಾಸಿಕಲ್ ಆಟ, ಗಂಟೆಗಟ್ಟಲೆ ನಡೆಯುವಂಥದ್ದು. ಘಾಟ್ಕೋಪರ್‌ನಲ್ಲಿ ನೋಡಿದ ಬೋರ್ಡು ಠಾಣೆ ಬಂದರೂ ಹಾಗೇ ಇರುತ್ತಿತ್ತು. ನೆಟ್‌ವರ್ಕ್ ಹೋಯಿತೇನೋ ಅಂತ ಪರದೆ ಎಳೆದೆಳೆದು ನೋಡುತ್ತಿದ್ದೆ. ನೆಟ್‌ವರ್ಕ್ ಇತ್ತು. ಅವರು ಯೋಚಿಸುತ್ತಿದ್ದರು, ಅಷ್ಟೇ. ಆ ಸ್ಪರ್ಧೆ ಗೆದ್ದದ್ದು ಹಂಪಿ. ಮಗಳು ಹುಟ್ಟಿದಾಗ ಸುಮಾರು ಎರಡು ವರ್ಷ ಆಟದಿಂದ ದೂರ ಇದ್ದು, ವಾಪಸ್ ಬಂದು, 2019ರಲ್ಲಿ ಮಾಸ್ಕೋದಲ್ಲಿ ವಿಶ್ವ ರ್‍ಯಾಪಿಡ್ ಗೆದ್ದವರು. 2024ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಸುತ್ತೇ ಸೋತು, ಆಮೇಲೆ 11 ಸುತ್ತಿಗೆ 8.5 ಅಂಕ ತಂದು ಅದೇ ಪಟ್ಟವನ್ನು ಮತ್ತೆ ಗೆದ್ದವರು. ಅದಾದ ಎರಡು ಮೂರು ದಿನಕ್ಕೆ ಅದೇ ಊರಿನಲ್ಲಿ ಮಹಿಳಾ ವಿಶ್ವ ಬ್ಲಿಟ್ಜ್. ಚೀನಾದ ಜು ವೆನ್‌ಜುನ್ ಚಿನ್ನ ಗೆದ್ದರು, ನಮ್ಮ ವೈಶಾಲಿ ಕಂಚು.

ಅವರಿಗೂ ಅಲ್ಲಿ ಇದ್ದದ್ದು ಇದೇ 3 ನಿಮಿಷ, ಇದೇ 2 ಸೆಕೆಂಡು. ಮುಲುಂಡಿನಲ್ಲಿ ನನಗೆ ಸಿಕ್ಕಿದ್ದಕ್ಕಿಂತ ಒಂದು ಕ್ಷಣವೂ ಜಾಸ್ತಿ ಅಲ್ಲ. ಈ ಸಲ ಆ ಆಟಗಳ ವಿಡಿಯೋ ಹಾಕಿಕೊಂಡು ಬೋರ್ಡು ಬಿಟ್ಟು ಗಡಿಯಾರ ಮಾತ್ರ ನೋಡಿದೆ. ಗೊತ್ತಿರುವ ನಡೆಗಳು ಪಟಪಟ ಅಂತ ಬರುತ್ತವೆ. ಎದುರಿನವರು ಒಂದು ಚೂರು ಬೇರೆ ಆಡಿದರೆ ಕೈ ನಿಲ್ಲುತ್ತದೆ. ಅಲ್ಲಿ ಅವರು ಧೈರ್ಯವಾಗಿ ಖರ್ಚು ಮಾಡುತ್ತಾರೆ. ಹುಡುಗಿ ಮಾಡಿದ್ದೂ ಅದೇ. ಬಲೆ ಅವಳಿಗೆ ಬಾಯಿಪಾಠ ಇದ್ದಿರಬೇಕು. ಆದರೂ ನಾನು ಬಿದ್ದೆ ಅಂತ ಖಾತ್ರಿ ಮಾಡಿಕೊಳ್ಳಲು ಇಪ್ಪತ್ತು ಸೆಕೆಂಡು ಕೊಟ್ಟಳು. ಗೆಲ್ಲುವ ಹೊತ್ತಿನಲ್ಲಿ ತಾಳಿದಳು.

ಈ 2 ಸೆಕೆಂಡಿನ ಸೇರಿಕೆಯ ಬಗ್ಗೆ ಒಂದು ಮಾತು. ಇದು ಅಮೆರಿಕದ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ ಯೋಚಿಸಿದ ಗಡಿಯಾರ. 1988ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1992ರಲ್ಲಿ ಸ್ಪಾಸ್ಕಿ ಜೊತೆ ಆಡಿದಾಗ ಅದನ್ನೇ ಬಳಸಿದರು. ಗೆಲ್ಲುವ ಆಟವನ್ನು ಯಾರೂ ಬರೀ ಸಮಯ ಮುಗಿದು ಸೋಲಬಾರದು, ಪ್ರತಿ ನಡೆಗೂ ಒಂದು ಉಸಿರಿನಷ್ಟು ಸಮಯ ಇರಲೇಬೇಕು ಅನ್ನುವುದು ಅದರ ಹಿಂದಿನ ಯೋಚನೆ. ತುಂಬಾ ದಯೆಯ ಯೋಚನೆ ಅನ್ನಿಸುತ್ತದೆ ನನಗೆ. ನಾನು ಆ ಉಸಿರುಗಳನ್ನೂ ಕೂಡಿಟ್ಟುಕೊಂಡೆ. ಹಾಗೆಯೇ ಆಯಿತು 3 ನಿಮಿಷ 4 ಸೆಕೆಂಡು.

ಆಮೇಲೆ

ಮಾರ್ಚ್‌ನಲ್ಲಿ ದಾದರ್ ಹತ್ತಿರ ಇನ್ನೊಂದು ಸ್ಪರ್ಧೆ ಇತ್ತು. ಹೋದೆ. ನಾಲ್ಕನೇ ಸುತ್ತಿನಲ್ಲಿ ಮತ್ತೆ ಕಪ್ಪು, ಮತ್ತೆ ಕಾರೋ-ಕಾನ್. ಎದುರಿಗೆ ನನ್ನ ವಯಸ್ಸಿನವರೇ ಒಬ್ಬರು. ಎಚ್4 ಬರಲಿಲ್ಲ. ಸಾಧಾರಣ ನಡೆ, ಕುದುರೆ ಹೊರಗೆ ಬಂತು. ಇ6 ಆಡಬಹುದಿತ್ತು, ಕಣ್ಣು ಮುಚ್ಚಿ ಆಡಬಹುದಿತ್ತು. ನಾನು ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಮರದ ಬೆಂಚು ತಣ್ಣಗಿತ್ತು. ಗಡಿಯಾರ ಓಡುವುದು ಕಾಣುತ್ತಿತ್ತು. 2:58, 2:55, 2:50. ಎದೆ ಹೊಡೆದುಕೊಳ್ಳುತ್ತಿತ್ತು, ಎಲ್ಲೋ ಏನೋ ಉಕ್ಕುತ್ತಿದೆ ಅನ್ನುವ ಹಾಗೆ. ಹಾಗೇ ಕೂತೆ. ಬೋರ್ಡಿನ ನಾಲ್ಕೂ ಮೂಲೆ ನೋಡಿದೆ. ಆಮೇಲೆ ಇ6 ಆಡಿದೆ. ಅದೇ ನಡೆ, ಆದರೆ ಈ ಸಲ ನಾನು ಆಡಿದ್ದು. ಆ ಆಟ ನಲವತ್ತಕ್ಕೂ ಹೆಚ್ಚು ನಡೆ ಹೋಯಿತು. ನಾನೇ ಮೇಲಿದ್ದೆ. ಕೊನೆಗೆ ನನ್ನ ಸಮಯ ಮುಗಿದು ಸೋತೆ. ಮನೆಗೆ ಬರುವಾಗ ಬೇಜಾರಿತ್ತು. ಆದರೆ ಯಾವ ಸಂಖ್ಯೆಯೂ ತಲೆಯಲ್ಲಿ ಉಳಿಯಲಿಲ್ಲ.

ಆ ರಾತ್ರಿ ಧಾರವಾಡಕ್ಕೆ ಫೋನ್ ಮಾಡಿದೆ. ದೊಡ್ಡಮ್ಮನಿಗೆ ಈಗ ಎಪ್ಪತ್ತೆಂಟು. ಚಿಕ್ಕಪ್ಪನ ಮಗನ ಮನೆಯಲ್ಲಿದ್ದಾಳೆ. ಮಂಡಿ ನೋವು, ಕಿವಿ ಸ್ವಲ್ಪ ಮಂದ, ಕಣ್ಣು ಚೆನ್ನಾಗಿದೆ. ಅಜ್ಜನ ಬೋರ್ಡು ಅವಳ ಹತ್ತಿರವೇ ಇದೆ. ಮುಲುಂಡಿನ ಆಟದ ಕಥೆ ಹೇಳಿದೆ. "ತಡಿ, ಹಚ್ಚಿ ನೋಡ್ತೀನಿ" ಅಂದಳು. ಕಾಯಿಗಳನ್ನು ಡಬ್ಬಿಯಿಂದ ಸುರಿಯುವ ಸದ್ದು ಕೇಳಿತು. ನಾನು ಒಂದೊಂದೇ ನಡೆ ಹೇಳಿದೆ, ಅವಳು ಇಟ್ಟಳು. ಕಾಲಾಳು ಎರಡು ಮನೆ ಹೋಯಿತು ಅಂದಾಗಲೆಲ್ಲ, "ಎರಡs? ಒಮ್ಮೆಗೇನ?" ಅಂತ ಕೇಳಿದಳು. ಹೌದು ದೊಡ್ಡಮ್ಮ, ಈ ಆಟದಲ್ಲಿ ಹಾಗೆ ಅಂದೆ. "ನಮ್ಮ ಆಟದಾಗ ಆಗಿದ್ರ ಒಂಟಿ ಉಳೀತಿತ್ತು" ಅಂದಳು. "ಆಕಿ ಪ್ಯಾದಿ ಅಲ್ಲಿ ಮುಟ್ಟೂದರಾಗ ನೀ ಮನಿಗೆ ಬರ್ತಿದ್ದಿ."

ಆಮೇಲೆ ನಾಲ್ಕನೇ ನಡೆಗೆ ಬಂದೆವು. ಎಚ್4 ಹೇಳಿದೆ, ನಾನು ಏನು ಆಡಿದೆ ಅಂತ ಹೇಳಲಿಲ್ಲ. ನೀನಾಗಿದ್ದರೆ ಏನು ಆಡುತ್ತಿದ್ದೆ ಅಂತ ಕೇಳಿದೆ. ಫೋನಿನ ಆ ಕಡೆ ಮೌನ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಯಾರೋ ಅವಳನ್ನು ಕರೆದ ಹಾಗಾಯಿತು. "ಬಂದೆ" ಅನ್ನುತ್ತಾಳೆ ಅಂತ ಕಾದೆ. ಎರಡನೇ ಸೀಟಿ ಹೊಡೆಯಿತು.

"ತಾಳ್ರಿ," ಅಂದಳು ದೊಡ್ಡಮ್ಮ, ನನಗಲ್ಲ, ಒಳಗಿನವರಿಗೆ. "ನಾ ವಿಚಾರ ಮಾಡಾಕತ್ತೀನಿ."

ನಾನು ಫೋನ್ ಕಿವಿಗೆ ಹಿಡಿದು ಕೂತಿದ್ದೆ. ಕೆಳಗೆ ಒಂದು ಫಾಸ್ಟ್ ಲೋಕಲ್ ಹೋಯಿತು, ಆಮೇಲೆ ಇನ್ನೊಂದು.